ಗೋದಾಮಿಗೆ ರೋಬೋಟ್ ಬಂತು, ಮೂಟೆ ಮಾತ್ರ ಇನ್ನೂ ಬೆನ್ನ ಮೇಲೇ ಇದೆ

ಗೋದಾಮುಗಳಿಗೆ ರೋಬೋಟ್ ಬರುತ್ತಿದೆ ಅಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ, ಎಷ್ಟು ಜನರ ಕೆಲಸ ಹೋಗುತ್ತೆ ಅಂತ. ಕೇಳಲೇಬೇಕಾದ ಪ್ರಶ್ನೆಯೇ. ಆದರೆ ಅದಕ್ಕೂ ಮೊದಲು ಇನ್ನೊಂದು ಕೇಳಬೇಕು. ರೋಬೋಟ್ ಬರುತ್ತಿರುವುದು ಯಾವ ಕೆಲಸಕ್ಕೆ? ಗೋದಾಮಿನ ಒಳಗೆ ಹತ್ತಾರು ಕೆಲಸ ಇರುತ್ತವೆ. ಲಾರಿಯಿಂದ ಮಾಲು ಇಳಿಸಬೇಕು, ಎಣಿಸಿ ಸ್ಕ್ಯಾನ್ ಮಾಡಬೇಕು, ರ್‍ಯಾಕ್‌ಗೆ ಏರಿಸಬೇಕು, ಆರ್ಡರ್ ಬಂದಾಗ ಹುಡುಕಿ ತೆಗೆಯಬೇಕು, ಪ್ಯಾಕ್ ಮಾಡಬೇಕು, ಯಾವ ಊರಿಗೆ ಯಾವುದು ಅಂತ ಬೇರೆ ಮಾಡಬೇಕು, ಕೊನೆಗೆ ಮತ್ತೆ ಲಾರಿಗೆ ಹತ್ತಿಸಬೇಕು. ಇದರಲ್ಲಿ ಯಾವುದು ಯಂತ್ರಕ್ಕೆ ಹೋಯಿತು, ಯಾವುದು ಮನುಷ್ಯರ ಪಾಲಿಗೆ ಉಳಿಯಿತು ಅಂತ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಹಗುರವಾದ, ಲೆಕ್ಕಕ್ಕೆ ಸಿಗುವ, ವೇಗ ಹೆಚ್ಚಿಸಬಹುದಾದ ಕೆಲಸಗಳಿಗೆ ಯಂತ್ರ ಬಂದಿದೆ. ಬೆನ್ನು ಮುರಿಯುವ ಕೆಲಸ ಇದ್ದಲ್ಲೇ ಇದೆ.

ನಾನು ರೋಬೋಟ್ ವಿರೋಧಿ ಅಲ್ಲ. ನನ್ನ ತಕರಾರು ನಾವು ಹಿಡಿದಿರುವ ಕ್ರಮದ ಬಗ್ಗೆ.

ಇದು ಶುರುವಾದ ಕಥೆಯಿಂದಲೇ ಬರೋಣ. ಅಮೆರಿಕದಲ್ಲಿ ವೆಬ್‌ವ್ಯಾನ್ ಅಂತ ಒಂದು ಕಂಪನಿ ಇತ್ತು. ಮನೆಗೆ ದಿನಸಿ ತಲುಪಿಸುವ ಕಂಪನಿ. 2001ರಲ್ಲಿ ಮುಳುಗಿಹೋಯಿತು. ಅಲ್ಲಿ ಕೆಲಸ ಮಾಡಿದ್ದ ಮಿಕ್ ಮೌಂಟ್ಜ್ ಎನ್ನುವವರ ತಲೆಯಲ್ಲಿ ಒಂದು ಯೋಚನೆ ಉಳಿಯಿತು. ಸಾಮಾನು ಇರುವ ಕಡೆಗೆ ಮನುಷ್ಯ ನಡೆದುಹೋಗುವ ಬದಲು ಸಾಮಾನೇ ಮನುಷ್ಯನ ಹತ್ತಿರ ಬಂದರೆ? ಹಾಗೆ 2003ರಲ್ಲಿ ಹುಟ್ಟಿದ್ದು ಕೀವಾ ಸಿಸ್ಟಮ್ಸ್. ನೆಲಕ್ಕಂಟಿದ ಹಾಗೆ ಓಡುವ ಗಿಡ್ಡ ಯಂತ್ರಗಳು. ನೆಲದ ಮೇಲೆ ಅಲ್ಲಲ್ಲಿ ಅಂಟಿಸಿದ ಗುರುತು ಚೀಟಿಗಳನ್ನು ಓದಿಕೊಂಡು ದಾರಿ ಹಿಡಿಯುತ್ತವೆ, ಕಪಾಟಿನ ಅಡಿಗೆ ನುಸುಳುತ್ತವೆ, ಕಪಾಟನ್ನೇ ಸ್ವಲ್ಪ ಮೇಲೆತ್ತಿ ಹೊತ್ತು ತರುತ್ತವೆ. ಅಮೆಜಾನ್ 2012ರಲ್ಲಿ 77.5 ಕೋಟಿ ಡಾಲರ್ ಕೊಟ್ಟು ಆ ಕಂಪನಿಯನ್ನೇ ಕೊಂಡುಕೊಂಡಿತು. 2025ರ ಜುಲೈ ಹೊತ್ತಿಗೆ ತನ್ನ ಗೋದಾಮುಗಳಲ್ಲಿ ದುಡಿಯುವ ರೋಬೋಟ್‌ಗಳು 10 ಲಕ್ಷ ಮುಟ್ಟಿವೆ ಅಂತ ಪ್ರಕಟಿಸಿತು. ಅದರ ಕೆಲಸಗಾರರ ಸಂಖ್ಯೆ ಸುಮಾರು 15 ಲಕ್ಷ.

ಇದರಿಂದ ನಿಜವಾಗಿ ಆದದ್ದು ಏನು ಅಂದರೆ, ನಡಿಗೆ ಹೋಯಿತು. ದೊಡ್ಡ ಗೋದಾಮಿನಲ್ಲಿ ಪಿಕರ್, ಅಂದರೆ ಆರ್ಡರ್ ಬಂದ ಮಾಲನ್ನು ಹುಡುಕಿ ತೆಗೆಯುವವರ ಕೆಲಸ ಅಂದರೆ ಒಂದು ಶಿಫ್ಟಿನಲ್ಲಿ ಹತ್ತು ಹದಿನೈದು ಕಿಲೋಮೀಟರ್ ನಡೆಯುವುದು ಮಾಮೂಲು. ಅದು ತಪ್ಪಿತು ಅಂದರೆ ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ಇಲ್ಲೇ ಸ್ವಲ್ಪ ನಿಂತು ನೋಡಬೇಕು. ಬಫೆ ಊಟದಲ್ಲಿ ತಟ್ಟೆ ಹಿಡಿದು ನಾವೇ ಹೋಗುತ್ತೇವೆ, ಬೇಕಾದಾಗ ನಿಲ್ಲುತ್ತೇವೆ, ಯಾರ ಜೊತೆಗೋ ಎರಡು ಮಾತಾಡುತ್ತೇವೆ. ಪಂಕ್ತಿಯಲ್ಲಿ ಕೂತರೆ ಬಡಿಸುವವರು ಬರುತ್ತಲೇ ಇರುತ್ತಾರೆ, ಎದುರಿಗೆ ಮುಂದಿನ ಪಂಕ್ತಿಯವರು ಕಾಯುತ್ತಿರುತ್ತಾರೆ, ತಿನ್ನುವ ವೇಗ ನಮ್ಮ ಕೈಯಲ್ಲಿ ಇರುವುದಿಲ್ಲ. ರೋಬೋಟ್ ಇರುವ ಗೋದಾಮಿನ ಪಿಕರ್‌ಗೂ ಆಗುವುದು ಇದೇ.

ಆ ಜಾಗವನ್ನು ಹತ್ತಿರದಿಂದ ನೋಡಿದರೆ ಅರ್ಥವಾಗುತ್ತದೆ. ಬೇಲಿ ಹಾಕಿದ ಅಂಗಳದ ಅಂಚಿನಲ್ಲಿ ಒಬ್ಬರು ನಿಂತಿರುತ್ತಾರೆ. ಕಪಾಟು ಬಂದು ಎದುರು ನಿಲ್ಲುತ್ತದೆ. ಪರದೆಯ ಮೇಲೆ ಯಾವ ಖಾನೆ ಅಂತ ತೋರಿಸುತ್ತದೆ, ಕೆಲವು ಕಡೆ ಆ ಖಾನೆಯ ಮೇಲೇ ಬೆಳಕು ಬೀಳುತ್ತದೆ. ಕೈ ಹಾಕಿ ತೆಗೆಯಬೇಕು, ಸ್ಕ್ಯಾನ್ ಮಾಡಬೇಕು, ಬುಟ್ಟಿಗೆ ಹಾಕಿ ಗುಂಡಿ ಒತ್ತಬೇಕು. ಅಷ್ಟರಲ್ಲಿ ಹಿಂದೆ ಇನ್ನೊಂದು ಕಪಾಟು ಸಾಲಿನಲ್ಲಿ ನಿಂತಿರುತ್ತದೆ. ಮೇಲಿನ ಖಾನೆಗೆ ಏಣಿ ಹತ್ತಬೇಕು, ಕೆಳಗಿನ ಖಾನೆಗೆ ಮಂಡಿ ಬಗ್ಗಿಸಬೇಕು. ಹತ್ತು ಗಂಟೆ ಇದೇ. ಮೊದಲು ನಡೆದು ಹೋಗುವಾಗ ಗಂಟೆಗೆ ಸುಮಾರು 100 ವಸ್ತು ತೆಗೆಯುತ್ತಿದ್ದವರಿಂದ ರೋಬೋಟ್ ಬಂದ ಮೇಲೆ 400ರವರೆಗೂ ನಿರೀಕ್ಷಿಸಿದ್ದಾರೆ ಅಂತ 2020ರಲ್ಲಿ ಅಮೆರಿಕದ ತನಿಖಾ ಸುದ್ದಿ ಸಂಸ್ಥೆ ರಿವೀಲ್ ಬರೆಯಿತು. ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವೂ ಇತ್ತು. 2016ರಿಂದ 2019ರವರೆಗೆ ರೋಬೋಟ್ ಇರುವ ಅಮೆಜಾನ್ ಗೋದಾಮುಗಳಲ್ಲಿ ಗಂಭೀರ ಗಾಯಗಳ ಪ್ರಮಾಣ ರೋಬೋಟ್ ಇಲ್ಲದವುಗಳಿಗಿಂತ ಶೇ 50ಕ್ಕೂ ಜಾಸ್ತಿ ಇತ್ತು. ಕಂಪನಿ ಆ ವಿಶ್ಲೇಷಣೆಯನ್ನು ಒಪ್ಪಲಿಲ್ಲ. ಆದರೆ ಭುಜ, ಮಣಿಕಟ್ಟು, ಸೊಂಟ ಒಂದೇ ಚಲನೆಯನ್ನು ದಿನಕ್ಕೆ ಸಾವಿರಾರು ಸಲ ಮಾಡಿದರೆ ಏನಾಗುತ್ತೆ ಅಂತ ತಿಳಿಯಲು ತಜ್ಞರೇ ಬೇಕಿಲ್ಲ. ನಮ್ಮ ಬೀಡಿ ಕಟ್ಟುವ ಹೆಂಗಸರನ್ನು, ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವವರನ್ನು ಕೇಳಿದರೆ ಸಾಕು.

ನಡಿಗೆಯಲ್ಲಿ ಒಂದು ಬಿಡುವು ಇತ್ತು. ಅದನ್ನು ಯಾರೂ ಬಿಡುವು ಅಂತ ಲೆಕ್ಕ ಹಾಕಿರಲಿಲ್ಲ. ಎರಡು ರ್‍ಯಾಕ್‌ಗಳ ನಡುವೆ ಹೋಗುವ ಅರ್ಧ ನಿಮಿಷದಲ್ಲಿ ಕೈ ಸುಧಾರಿಸಿಕೊಳ್ಳುತ್ತಿತ್ತು, ತಲೆ ಸ್ವಲ್ಪ ಬೇರೆ ಕಡೆ ಹೋಗುತ್ತಿತ್ತು. ಕಾಗದದ ಮೇಲೆ ಅದು ವ್ಯರ್ಥ ಸಮಯ. ಯಂತ್ರ ಅದನ್ನು ಕಿತ್ತುಕೊಂಡಾಗ ಅದರ ಬದಲು ಬೇರೆ ಬಿಡುವು ಕೊಡಬೇಕಾಗಿತ್ತು. ಕೊಡಲಿಲ್ಲ. ಸಾಮಾನ್ಯವಾಗಿ ಟಾರ್ಗೆಟ್ ಏರಿಸಿದರು.

ಫ್ರಾನ್ಸಿನಲ್ಲಿ ಏನಾಯಿತು ನೋಡಿ. ಅಲ್ಲಿನ ಮಾಹಿತಿ ಸಂರಕ್ಷಣಾ ಸಂಸ್ಥೆ 2024ರ ಜನವರಿಯಲ್ಲಿ ಅಮೆಜಾನ್‌ನ ಗೋದಾಮು ಘಟಕಕ್ಕೆ 3.2 ಕೋಟಿ ಯೂರೋ ದಂಡ ಹಾಕಿದ್ದನ್ನು ಪ್ರಕಟಿಸಿತು. ಕಾರಣ, ಕೈಯಲ್ಲಿ ಹಿಡಿದ ಸ್ಕ್ಯಾನರ್. ಹತ್ತು ನಿಮಿಷ ಸ್ಕ್ಯಾನ್ ಆಗದಿದ್ದರೆ ಅದು ದಾಖಲಾಗುತ್ತಿತ್ತು. ಒಂದು ನಿಮಿಷದಿಂದ ಹತ್ತು ನಿಮಿಷದ ಒಳಗಿನ ಬಿಡುವುಗಳಿಗೂ ಲೆಕ್ಕ ಇತ್ತು. ಇನ್ನೊಂದು ಕಡೆ, ಹಿಂದಿನ ವಸ್ತು ಸ್ಕ್ಯಾನ್ ಮಾಡಿದ 1.25 ಸೆಕೆಂಡಿನ ಒಳಗೆ ಮುಂದಿನದನ್ನು ಮಾಡಿದರೆ, ಬೇಗ ಮಾಡಿದ್ದಕ್ಕೂ ತಪ್ಪು ಅಂತ ಗುರುತು ಬೀಳುತ್ತಿತ್ತು. ನಿಧಾನವಾದರೂ ತಪ್ಪು, ಜೋರಾದರೂ ತಪ್ಪು. ಇದನ್ನು ಮಾಡಲು ರೋಬೋಟ್ ಬೇಕಾಗಿಲ್ಲ ಅನ್ನುವುದನ್ನು ಗಮನಿಸಿ. ಸಾವಿರಾರು ರೂಪಾಯಿಯ ಒಂದು ಸ್ಕ್ಯಾನರ್, ಅದರ ಹಿಂದೆ ಒಂದು ತಂತ್ರಾಂಶ, ಅಷ್ಟೇ. ಬೆಂಗಳೂರಿನ ಗಲ್ಲಿ ಗಲ್ಲಿಗಳಲ್ಲಿ ತಲೆ ಎತ್ತಿರುವ ಡಾರ್ಕ್ ಸ್ಟೋರ್‌ಗಳಲ್ಲೂ, ಅಂದರೆ ಗಿರಾಕಿ ಕಾಲಿಡದ, ಆನ್‌ಲೈನ್ ಆರ್ಡರಿಗಷ್ಟೇ ಇರುವ ಸಣ್ಣ ಗೋದಾಮುಗಳಲ್ಲೂ, ಒಂದೂ ರೋಬೋಟ್ ಇಲ್ಲದೆ ಇದೇ ನಡೆಯುತ್ತದೆ. ಯಾವ ರ್‍ಯಾಕ್, ಯಾವ ಸಾಲು, ಎಷ್ಟು ಸೆಕೆಂಡ್ ಅಂತ ಕೈಯಲ್ಲಿರುವ ಫೋನ್ ಹೇಳುತ್ತದೆ, ಹುಡುಗರು ಓಡುತ್ತಾರೆ.

ಈಗ ನಮ್ಮ ಕಡೆ ಬರೋಣ. ನಮ್ಮಲ್ಲಿ ದೊಡ್ಡ ಗೋದಾಮು ಅನ್ನುವುದೇ ಇತ್ತೀಚಿನದು, ಅದಕ್ಕೆ ಮುಖ್ಯ ಕಾರಣ ತೆರಿಗೆ. 2017ರ ಜುಲೈ 1ರ ಮೊದಲು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಿದರೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಅದನ್ನು ತಪ್ಪಿಸಲು ಪ್ರತಿ ಕಂಪನಿಯೂ ರಾಜ್ಯಕ್ಕೊಂದು ಸಣ್ಣ ಡಿಪೋ ಇಟ್ಟುಕೊಳ್ಳುತ್ತಿತ್ತು. ತಗಡಿನ ಚಾವಣಿ, ಒಬ್ಬ ಗುಮಾಸ್ತ, ನಾಲ್ಕೈದು ಹಮಾಲರು. ಅಂಥ ಕಡೆ ರೋಬೋಟ್ ತಂದು ಏನು ಮಾಡುತ್ತೀರಿ? ಜಿಎಸ್‌ಟಿ ಬಂದ ಮೇಲೆ ರಾಜ್ಯಕ್ಕೊಂದು ಡಿಪೋ ಇಡುವ ಅಗತ್ಯ ಹೋಯಿತು. ಹತ್ತು ಸಣ್ಣದರ ಬದಲು ಎರಡು ದೊಡ್ಡದು ಸಾಕಾಯಿತು. ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ, ಮಾಲೂರು, ಆನೇಕಲ್ ಕಡೆ ರಾಗಿ ಹೊಲಗಳಿದ್ದ ಜಾಗದಲ್ಲಿ ಈಗ ಕಾಣುವ ಲಕ್ಷಾಂತರ ಚದರಡಿಯ ಬೂದು ಬಣ್ಣದ ಶೆಡ್‌ಗಳ ಹಿಂದೆ ಆನ್‌ಲೈನ್ ಮಾರಾಟದ ಜೊತೆಗೆ ಈ ಬದಲಾವಣೆಯೂ ಇದೆ. ಒಂದೇ ಸೂರಿನ ಅಡಿ ಅಷ್ಟು ಮಾಲು ಸೇರಿದಾಗಲೇ ಯಂತ್ರದ ಲೆಕ್ಕ ಕೂಡಿಬರುವುದು.

ಯಂತ್ರ ಮಾಡುವವರೂ ನಮ್ಮಲ್ಲೇ ಹುಟ್ಟಿಕೊಂಡರು. ಪಿಲಾನಿಯ ಬಿಟ್ಸ್‌ನಲ್ಲಿ ಓದಿದ ಇಬ್ಬರು 2011ರಲ್ಲಿ ಗ್ರೇಆರೆಂಜ್ ಶುರು ಮಾಡಿದರು. ಏಷ್ಯನ್ ಪೇಂಟ್ಸ್‌ನಲ್ಲಿ ಕೆಲಸ ಮಾಡಿದ್ದವರು 2016ರಲ್ಲಿ ನೋಯ್ಡಾದಲ್ಲಿ ಆಡ್‌ವರ್ಬ್ ಕಟ್ಟಿದರು. 2022ರಲ್ಲಿ ರಿಲಯನ್ಸ್ ರೀಟೇಲ್ 13.2 ಕೋಟಿ ಡಾಲರ್‌ಗೆ ಅದರ ಶೇ 54 ಪಾಲು ಕೊಂಡಿತು. ನಮ್ಮ ಬೆಂಗಳೂರಿನಲ್ಲೇ, ಸೌಖ್ಯ ರಸ್ತೆಯ ಸಾರ್ಟಿಂಗ್ ಕೇಂದ್ರದಲ್ಲಿ, ಫ್ಲಿಪ್‌ಕಾರ್ಟ್ 2019ರಲ್ಲಿ ನೂರಕ್ಕೂ ಹೆಚ್ಚು ರೋಬೋಟ್‌ಗಳನ್ನು ಇಳಿಸಿತು. ಒಬ್ಬರು ಪಾರ್ಸೆಲನ್ನು ಯಂತ್ರದ ತಲೆಯ ಮೇಲಿನ ತಟ್ಟೆಯಲ್ಲಿ ಇಡುತ್ತಾರೆ, ಅದರ ಮೇಲಿನ ಕೋಡ್ ಸ್ಕ್ಯಾನ್ ಆಗುತ್ತದೆ, ಯಂತ್ರ ಓಡಿಹೋಗಿ ಆ ಪಿನ್‌ಕೋಡಿಗೆ ಸೇರಿದ ತೂತಿನೊಳಗೆ ಪಾರ್ಸೆಲ್ ಬೀಳಿಸಿ ವಾಪಸ್ ಬರುತ್ತದೆ. ಕೆಳಗೆ ಚೀಲ ಕಟ್ಟಿರುತ್ತಾರೆ. ನೋಡಲು ನಿಜಕ್ಕೂ ಚೆಂದ. ತಪ್ಪು ಊರಿಗೆ ಹೋಗುವ ಪಾರ್ಸೆಲ್ ಕಮ್ಮಿಯಾಗುತ್ತದೆ ಅನ್ನುವುದೂ ನಿಜ.

ನಮ್ಮ ದೇಶದಲ್ಲಿ ಸಾರ್ಟಿಂಗ್‌ಗೇ ಮೊದಲು ಯಂತ್ರ ಬಂದದ್ದು ಯಾಕೆ ಅಂದರೆ ಅದು ಯಂತ್ರಕ್ಕೆ ಸುಲಭ. 1972ರ ಆಗಸ್ಟ್ 15ಕ್ಕೆ ಬಂದ ಆರು ಅಂಕಿಯ ಪಿನ್‌ಕೋಡ್ ಒಂದಿದ್ದರೆ ಸಾಕು, ಯಂತ್ರ ತನ್ನ ಕೆಲಸ ಮಾಡುತ್ತದೆ. ಅದರಾಚೆಗಿನ ವಿಳಾಸ, ಅಂದರೆ ಮಾರಮ್ಮನ ಗುಡಿ ಹಿಂದೆ, ಹಳೇ ಟೆಂಟ್ ಎದುರು, ಫೋನ್ ಮಾಡಿ ಬನ್ನಿ ಅನ್ನುವುದೆಲ್ಲ ಊರು ಗೊತ್ತಿರುವ ಹುಡುಗನ ಪಾಲಿಗೆ ಬರುತ್ತದೆ. ಪಾರ್ಸೆಲ್‌ಗಳೂ ಹೆಚ್ಚಾಗಿ ಹಗುರ. ಮೊಬೈಲ್ ಕವರ್, ಕುರ್ತಾ, ಚಪ್ಪಲಿ.

ಹಗುರ ಅಂದೆ ನೋಡಿ, ಅಲ್ಲೇ ಇರುವುದು ನನ್ನ ಮೊದಲ ಸಂಕಟ. ಗೋದಾಮುಗಳಲ್ಲಿ ಹೆಣ್ಣುಮಕ್ಕಳು ಹೆಚ್ಚಾಗಿ ಕಾಣುವುದು ಎಲ್ಲಿ? ಸಾರ್ಟಿಂಗ್, ಪ್ಯಾಕಿಂಗ್, ಲೇಬಲ್ ಅಂಟಿಸುವುದು, ವಾಪಸ್ ಬಂದ ಮಾಲು ಪರೀಕ್ಷಿಸುವುದು. ಸುತ್ತಮುತ್ತಲ ಹಳ್ಳಿಗಳಿಂದ ಕಂಪನಿ ಬಸ್ಸಿನಲ್ಲೋ ಟಿಟಿಯಲ್ಲೋ ಬಂದು ಹೋಗುತ್ತಾರೆ. ಗಾರ್ಮೆಂಟ್ಸ್ ಬಿಟ್ಟು ಇಲ್ಲಿಗೆ ಬಂದವರೂ ಇದ್ದಾರೆ. ಯಂತ್ರ ಮೊದಲು ಬಂದು ನಿಲ್ಲುವುದು ಅವರ ಜಾಗದಲ್ಲಿ. ಡಾಕ್‌ನಲ್ಲಿ, ಅಂದರೆ ಲಾರಿ ಹಿಂದಕ್ಕೆ ಬಂದು ನಿಲ್ಲುವ ಕಟ್ಟೆಯಲ್ಲಿ, ಭಾರ ಹೊರುವ ಗಂಡಸರ ಜಾಗಕ್ಕೆ ಅದು ಬರುವುದೇ ಇಲ್ಲ. ಹಾಗಾಗಿ ಯಾವ ಕೆಲಸ ಉಳಿಯಿತೋ ಅದು ಎಲ್ಲಕ್ಕಿಂತ ಕಷ್ಟದ್ದು, ಯಾವುದು ಹೋಗುತ್ತಿದೆಯೋ ಅದು ಒಬ್ಬ ಹೆಣ್ಣುಮಗಳು ನಲವತ್ತು ವರ್ಷದ ನಂತರವೂ ಮಾಡಬಹುದಾಗಿದ್ದ ಕೆಲಸ.

ಡಾಕ್‌ನಲ್ಲಿ ನಿಂತು ಒಂದು ಲಾರಿ ಖಾಲಿಯಾಗುವುದನ್ನು ಪೂರ್ತಿ ನೋಡಬೇಕು. ನಮ್ಮ ಲಾರಿಗಳಲ್ಲಿ ಮಾಲು ಬರುವುದು ಹೆಚ್ಚಾಗಿ ಬಿಡಿಯಾಗಿ, ಪ್ಯಾಲೆಟ್, ಅಂದರೆ ಮಾಲು ಜೋಡಿಸಿ ಒಟ್ಟಿಗೇ ಎತ್ತುವ ಹಲಗೆಯ ಮೇಲೆ ಕಟ್ಟಿಕೊಂಡಲ್ಲ. ಜಾಗ ಹಾಳಾಗಬಾರದು ಅಂತ ತಳದಿಂದ ಚಾವಣಿವರೆಗೆ ತುಂಬಿರುತ್ತಾರೆ. ಕೆಳಗೆ ಅಕ್ಕಿ ಮೂಟೆ, ಮೇಲೆ ಬಿಸ್ಕತ್ತಿನ ಡಬ್ಬ, ಸಂದಿಗಳಲ್ಲಿ ಎಣ್ಣೆ ಕ್ಯಾನು, ಪೊರಕೆ ಕಟ್ಟು. ಬಾಗಿಲು ತೆರೆದರೆ ಬಿಸಿಲಲ್ಲಿ ಕಾದ ಕಬ್ಬಿಣದ ಪೆಟ್ಟಿಗೆಯ ಒಳಗಿನ ಬಿಸಿ ಮುಖಕ್ಕೆ ಹೊಡೆಯುತ್ತದೆ. ಇಬ್ಬರು ಒಳಗೆ, ಇಬ್ಬರು ಹೊರಗೆ. ಒಳಗಿದ್ದವನು ಮೂಟೆಯ ಕಿವಿ ಹಿಡಿದು ಎಳೆದು ಬಗ್ಗಿದವನ ಬೆನ್ನಿಗೆ ಹಾಕುತ್ತಾನೆ. ತಲೆಗೆ ಮಡಿಸಿದ ಗೋಣಿತಾಟು ಅಥವಾ ಟವೆಲು, ಅದೇ ಅವನ ಸುರಕ್ಷತಾ ಸಾಧನ. ಒಂದೊಂದು ಮೂಟೆ 50 ಕೆ.ಜಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಒಬ್ಬ ವಯಸ್ಕ ಗಂಡಸು ಹೊರಬಹುದಾದ ಗರಿಷ್ಠ ಭಾರ 55 ಕೆ.ಜಿ. ಅಂತ ಶಿಫಾರಸು ಮಾಡಿದೆ. ನಮ್ಮ ಮೂಟೆ ಆ ಗೆರೆಯ ಒಳಗೇ ಇದೆ, ಆದರೆ ಎಷ್ಟು ಸಲ ಅನ್ನುವ ಲೆಕ್ಕ ಯಾರ ಹತ್ತಿರ ಇದೆ? ದಿನಕ್ಕೆ 200 ಮೂಟೆ ಹೊತ್ತರೆ 10 ಟನ್.

ಈ ಕೆಲಸಕ್ಕೆ ರೋಬೋಟ್ ಇಲ್ಲವೇ ಅಂದರೆ ಇದೆ. ಬೋಸ್ಟನ್ ಡೈನಾಮಿಕ್ಸ್ ಮಾಡಿದ ಸ್ಟ್ರೆಚ್ ಅನ್ನುವ ಯಂತ್ರ ಕಂಟೇನರಿನೊಳಗೆ ಹೋಗಿ ಡಬ್ಬಗಳನ್ನು ಹೀರಿ ಹಿಡಿದು ಬೆಲ್ಟಿನ ಮೇಲೆ ಇಡುತ್ತದೆ. ಅಮೆರಿಕದಲ್ಲಿ 2023ರಿಂದ ಅದನ್ನು ಬಳಸುತ್ತಿದ್ದ ಸರಕು ಸಾಗಣೆ ಕಂಪನಿ ಡಿಎಚ್‌ಎಲ್, 2025ರ ಮೇ ತಿಂಗಳಲ್ಲಿ ಇನ್ನೂ 1,000 ಯಂತ್ರ ತೆಗೆದುಕೊಳ್ಳುವ ಒಪ್ಪಂದಕ್ಕೆ ಬಂತು. ಆದರೆ ಅದು ಎತ್ತುವುದು ಸುಮಾರು 23 ಕೆ.ಜಿ.ವರೆಗಿನ ರಟ್ಟಿನ ಡಬ್ಬಗಳನ್ನು. ನಮ್ಮ ಜೋತುಬೀಳುವ ಗೋಣಿಚೀಲ, ಎಣ್ಣೆ ಮೆತ್ತಿದ ಕ್ಯಾನು ಅದರ ಕೈಗೆ ಸಿಗುವುದಿಲ್ಲ. ಇದು ತಾಂತ್ರಿಕ ಕಾರಣ.

ಅದಕ್ಕಿಂತ ದೊಡ್ಡ ಕಾರಣ ದುಡ್ಡು. ಅಮೆರಿಕದ ಅಮೆಜಾನ್ ಗೋದಾಮಿನಲ್ಲಿ ಗಂಟೆಗೆ ಸರಾಸರಿ 22 ಡಾಲರ್‌ಗೂ ಜಾಸ್ತಿ ಸಂಬಳ. ತಿಂಗಳಿಗೆ 160 ಗಂಟೆ ಅಂದರೆ ನಮ್ಮ ಲೆಕ್ಕದಲ್ಲಿ 3 ಲಕ್ಷ ರೂಪಾಯಿ ಹತ್ತಿರ. ಒಂದು ರೋಬೋಟ್ ಒಬ್ಬರ ಕೆಲಸ ಮಾಡಿದರೂ ಅದರ ಬೆಲೆ ಬೇಗ ವಾಪಸ್ ಬರುತ್ತದೆ. ಹರಿಯಾಣದ ಮಾನೇಸರ್‌ನ ಒಂದು ಗೋದಾಮಿನಿಂದ 2024ರಲ್ಲಿ ಬಂದ ವರದಿಗಳ ಪ್ರಕಾರ ಅಲ್ಲಿನ ಕೆಲಸಗಾರರ ತಿಂಗಳ ಸಂಬಳ 10,088 ರೂಪಾಯಿ. ಮೂವತ್ತು ಪಟ್ಟು ವ್ಯತ್ಯಾಸ. ರೋಬೋಟಿನ ಬೆಲೆ ಮಾತ್ರ ಇಲ್ಲಿ ಮೂವತ್ತು ಪಟ್ಟು ಕಮ್ಮಿ ಇಲ್ಲ. ಹಾಗಾಗಿ ಕಂಪನಿ ಲೆಕ್ಕ ಹಾಕುವಾಗ, ಎಲ್ಲಿ ಯಂತ್ರ ಹಾಕಿದರೆ ತಪ್ಪು ಕಮ್ಮಿಯಾಗಿ ವೇಗ ಜಾಸ್ತಿಯಾಗುತ್ತದೋ ಅಲ್ಲಿ ಹಾಕುತ್ತದೆ, ಎಲ್ಲಿ ಮನುಷ್ಯನ ಮೈ ಉಳಿಯುತ್ತದೋ ಅಲ್ಲಿ ಹಾಕುವುದಿಲ್ಲ. ಯಾಕೆಂದರೆ ಆ ಮೈಗೆ ಅದರ ಖಾತೆಯಲ್ಲಿ ಬೆಲೆ ಇಲ್ಲ. ಡಿಸ್ಕ್ ಜಾರಿದವನು ಕಂಟ್ರಾಕ್ಟರ್‌ನ ಲೆಕ್ಕದವನು. ನಾಳೆ ಅವನ ಬದಲು ಇನ್ನೊಬ್ಬ ಬರುತ್ತಾನೆ.

ಮಾನೇಸರ್ ಅಂದೆನಲ್ಲ, ಅದೇ ಅಮೆಜಾನ್ ಗೋದಾಮಿನಲ್ಲಿ 24 ಅಡಿಯ ಆರು ಲಾರಿ ಖಾಲಿಯಾಗುವವರೆಗೆ ಶೌಚಕ್ಕೆ, ನೀರಿಗೆ ಹೋಗುವುದಿಲ್ಲ ಅಂತ ಕೆಲಸಗಾರರಿಂದ ಪ್ರತಿಜ್ಞೆ ಮಾಡಿಸಿದ್ದರು ಅನ್ನುವ ವರದಿ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ನೋಟಿಸ್ ಕೊಟ್ಟಿತು. ಜಗತ್ತಿನಲ್ಲೇ ಅತಿ ಹೆಚ್ಚು ರೋಬೋಟ್ ಇಟ್ಟುಕೊಂಡಿರುವ ಕಂಪನಿಯೊಂದರ ಅಂಗಳದಲ್ಲಿ ಲಾರಿ ಇಳಿಸುವ ಕೆಲಸ ಈ ಸ್ಥಿತಿಯಲ್ಲಿದೆ ಅಂದರೆ, ಅಡ್ಡಿ ಇರುವುದು ತಂತ್ರಜ್ಞಾನದಲ್ಲಿ ಮಾತ್ರ ಅಲ್ಲ ಅಂತ ಗೊತ್ತಾಗುತ್ತದೆ.

ಹಾಗಂತ ಡಾಕ್‌ಗೆ ಕೋಟಿ ಬೆಲೆಯ ರೋಬೋಟೇ ಬೇಕು ಅಂತಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಆಟೊಮೇಷನ್ ಅಂದರೆ ರೋಬೋಟ್ ಅಂತಲೇ ಎಲ್ಲರ ತಲೆಯಲ್ಲಿ ಕೂತಿದೆ. ಲಾರಿಯ ಒಳಗಿನವರೆಗೂ ಚಾಚಿಕೊಳ್ಳುವ ಟೆಲಿಸ್ಕೋಪಿಕ್ ಕನ್ವೇಯರ್ ಅಂತ ಒಂದಿದೆ. ಒಳಗಿದ್ದವನು ಮೂಟೆಯನ್ನು ಪಕ್ಕಕ್ಕೆ ಜಾರಿಸಿದರೆ ಸಾಕು, ಅದೇ ಹೊರಗೆ ಬರುತ್ತದೆ, ಬೆನ್ನ ಮೇಲೆ ಹೊರುವ ಪ್ರಶ್ನೆಯೇ ಇಲ್ಲ. ಲಾರಿಯ ಎತ್ತರಕ್ಕೂ ಕಟ್ಟೆಯ ಎತ್ತರಕ್ಕೂ ಹೊಂದಿಸುವ ಡಾಕ್ ಲೆವೆಲರ್ ಇದೆ. ಕೈಯಲ್ಲಿ ಎಳೆಯುವ ಹೈಡ್ರಾಲಿಕ್ ಪ್ಯಾಲೆಟ್ ಗಾಡಿ ಇದೆ. ಕೆಲಸದ ಎತ್ತರಕ್ಕೆ ತಾನೇ ಏರುವ ಮೇಜು ಇದೆ. ಇವು ಯಾವುವೂ ಹೊಸವಲ್ಲ. ಕೃತಕ ಬುದ್ಧಿಮತ್ತೆ ಬೇಕಾಗಿಲ್ಲ. ನಾಲ್ಕು ಜನ ಮಾಡುತ್ತಿದ್ದ ಕೆಲಸವನ್ನು ಇವು ಬಂದ ಮೇಲೆ ಬಹುಶಃ ಮೂವರು ಮಾಡುತ್ತಾರೆ, ಆದರೆ ಆ ಮೂವರು ಐವತ್ತು ವರ್ಷದವರೆಗೂ ಮಾಡಬಹುದು. ಕಂಪನಿಗಳ ಪ್ರಚಾರದ ವಿಡಿಯೋಗಳಲ್ಲಿ ಇವು ಕಾಣುವುದೇ ಇಲ್ಲ. ಓಡಾಡುವ ಕಿತ್ತಳೆ ಬಣ್ಣದ ಯಂತ್ರಗಳಷ್ಟು ಇವು ಫೋಟೊಗೆ ಚೆನ್ನಾಗಿ ಬರುವುದಿಲ್ಲ, ಹೂಡಿಕೆದಾರರೂ ಬೆರಗಾಗುವುದಿಲ್ಲ.

ಇದರ ಜೊತೆ ಪ್ಯಾಲೆಟ್ ಅಳತೆ ಒಂದೇ ಆಗಬೇಕು. ತಯಾರಕನ ಹತ್ತಿರ ಒಂದು ಅಳತೆ, ಟ್ರಾನ್ಸ್‌ಪೋರ್ಟಿನವರ ಲಾರಿಗೆ ಇನ್ನೊಂದು, ಗೋದಾಮಿನ ರ್‍ಯಾಕ್‌ಗೆ ಮತ್ತೊಂದು ಆದರೆ ಪ್ರತಿ ಹಂತದಲ್ಲೂ ಮಾಲನ್ನು ಬಿಚ್ಚಿ ಕೈಯಲ್ಲೇ ಜೋಡಿಸಬೇಕು. ಸರಕಾರ 2022ರ ಸೆಪ್ಟೆಂಬರ್ 17ರಂದು ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ ತಂದಾಗ ಸಾಗಣೆ ವೆಚ್ಚ ಇಳಿಸುವ ಬಗ್ಗೆ ತುಂಬಾ ಮಾತು ಬಂತು. ಜಿಡಿಪಿಯ ಶೇ 13–14 ಅಂತ ವರ್ಷಗಟ್ಟಲೆ ಹೇಳುತ್ತಿದ್ದ ವೆಚ್ಚ, ಆಮೇಲೆ ಆರ್ಥಿಕ ಸಂಶೋಧನಾ ಸಂಸ್ಥೆ ಎನ್‌ಸಿಎಇಆರ್ ಕೂತು ಲೆಕ್ಕ ಹಾಕಿದಾಗ ಶೇ 8ರ ಆಸುಪಾಸು ಅಂತ ಗೊತ್ತಾಯಿತು. ವೆಚ್ಚ ಇಳಿಸಲಿ, ಬೇಡ ಅನ್ನುವವರು ಯಾರು. ಆ ವೆಚ್ಚದಲ್ಲಿ ಬೆನ್ನುನೋವಿನ ಲೆಕ್ಕ ಸೇರುವುದಿಲ್ಲ ಅನ್ನುವುದಷ್ಟೇ ನನ್ನ ಮಾತು.

ಇನ್ನು ಮಾಲೀಕರ ಕಡೆಯಿಂದಲೂ ಸ್ವಲ್ಪ ನೋಡೋಣ. ರೋಬೋಟ್ ಹಾಕಿದರೆ ಲಾಭ ಗ್ಯಾರಂಟಿ ಅನ್ನುವುದು ಸುಳ್ಳು. ಅಮೆರಿಕದ ದೊಡ್ಡ ದಿನಸಿ ಸರಪಳಿ ಕ್ರೋಗರ್, ರೋಬೋಟ್ ಗೋದಾಮುಗಳಿಗೆ ಹೆಸರಾದ ಬ್ರಿಟನ್ನಿನ ಕಂಪನಿ ಒಕಾಡೊ ಜೊತೆ 2018ರಲ್ಲಿ ಒಪ್ಪಂದ ಮಾಡಿಕೊಂಡು 20 ಸ್ವಯಂಚಾಲಿತ ಗೋದಾಮು ಕಟ್ಟುವ ಯೋಜನೆ ಹಾಕಿತ್ತು. 2025ರ ನವೆಂಬರ್‌ನಲ್ಲಿ ಕಟ್ಟಿದ್ದರಲ್ಲಿ ಮೂರನ್ನು ಮುಚ್ಚುವುದಾಗಿ ಹೇಳಿ 260 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಯಂತ್ರ ಕೆಟ್ಟಿದ್ದಲ್ಲ. ಆ ಯಂತ್ರಕ್ಕೆ ಸಾಕಾಗುವಷ್ಟು ಆರ್ಡರ್ ಆ ಊರುಗಳಲ್ಲಿ ಬರಲಿಲ್ಲ. ಕೆಲಸ ಕಮ್ಮಿಯಾದರೆ ಜನರ ಶಿಫ್ಟ್ ಕಮ್ಮಿ ಮಾಡುತ್ತಾರೆ, ಒಳ್ಳೆಯದೋ ಕೆಟ್ಟದ್ದೋ ಅದು ಬೇರೆ ಮಾತು. ಯಂತ್ರದ ಸಾಲದ ಕಂತು ಕಮ್ಮಿಯಾಗುವುದಿಲ್ಲ. ಅದೇ ಒಕಾಡೊದ ಆಂಡೋವರ್ ಗೋದಾಮು 2019ರ ಫೆಬ್ರವರಿಯಲ್ಲಿ ಸುಟ್ಟು ಬೂದಿಯಾಯಿತು. ಒಂದು ರೋಬೋಟಿನ ಬ್ಯಾಟರಿ ಚಾರ್ಜ್ ಮಾಡುವ ಕಡೆ ವಿದ್ಯುತ್ ದೋಷ. 2021ರಲ್ಲಿ ಎರಿತ್ ಗೋದಾಮಿನಲ್ಲಿ ಮೂರು ರೋಬೋಟ್ ಡಿಕ್ಕಿ ಹೊಡೆದು ಬೆಂಕಿ ಹತ್ತಿತು. ದಕ್ಷಿಣ ಕೊರಿಯಾದಲ್ಲಿ 2023ರ ನವೆಂಬರ್‌ನಲ್ಲಿ ತರಕಾರಿ ಕೇಂದ್ರವೊಂದರ ರೋಬೋಟ್, ಅದರ ಸೆನ್ಸರ್ ಪರೀಕ್ಷೆ ಮಾಡುತ್ತಿದ್ದವರನ್ನೇ ದಪ್ಪ ಮೆಣಸಿನಕಾಯಿ ಡಬ್ಬ ಅಂದುಕೊಂಡು ಹಿಡಿದು ಅದುಮಿ, ಅವರು ತೀರಿಹೋದರು. ಶೆಡ್‌ಗಳಿಗೆ ಅಗ್ನಿಶಾಮಕ ವ್ಯವಸ್ಥೆ ಸರಿಯಾಗಿದೆಯೇ ಅಂತ ನೋಡುವುದರಲ್ಲೇ ನಾವು ಹಿಂದೆ ಇದ್ದೇವೆ. ನೂರಾರು ಬ್ಯಾಟರಿ ಗಾಡಿಗಳು ಬಂದರೆ ಅದು ಇನ್ನೂ ಮುಖ್ಯವಾಗುತ್ತದೆ.

ನಮ್ಮಲ್ಲಿ ಹಬ್ಬದ ಕಾಲದ ನೂಕುನುಗ್ಗಲು ಬೇರೆ. 2025ರ ದಸರಾ–ದೀಪಾವಳಿ ಮಾರಾಟಕ್ಕೆ ಫ್ಲಿಪ್‌ಕಾರ್ಟ್ 2.2 ಲಕ್ಷ, ಅಮೆಜಾನ್ ಇಂಡಿಯಾ 1.5 ಲಕ್ಷ ತಾತ್ಕಾಲಿಕ ಕೆಲಸ ಕೊಡುವುದಾಗಿ ಹೇಳಿದವು. ಒಂದೆರಡು ತಿಂಗಳ ಭರಾಟೆಗೆ ಅಂತ ಯಾರೂ ರೋಬೋಟ್ ಕೊಳ್ಳುವುದಿಲ್ಲ. ಹಾಗಾಗಿ ನಮ್ಮಲ್ಲಿ ನಾಳೆಯೇ ಗೋದಾಮು ಖಾಲಿಯಾಗುತ್ತದೆ ಅನ್ನುವ ಭಯ ಬೇಡ. ಆಗುವುದು ಹೀಗೆ ಅಂತ ನನಗೆ ಅನ್ನಿಸುತ್ತದೆ. ವರ್ಷವಿಡೀ ನಡೆಯುವ ಕೆಲಸವನ್ನು ಯಂತ್ರ ನುಂಗುತ್ತಾ ಹೋಗುತ್ತದೆ, ಜನ ಹಬ್ಬದ ಎರಡು ತಿಂಗಳಿಗೆ ಮಾತ್ರ ಬೇಕಾಗುತ್ತಾರೆ. ಕಾಯಂ ಕೆಲಸಗಾರರು ಹಂಗಾಮಿಗಳಾಗುತ್ತಾರೆ. ಅಮೆರಿಕದಲ್ಲಿ ದಿ ನ್ಯೂಯಾರ್ಕ್ ಟೈಮ್ಸ್ 2025ರ ಅಕ್ಟೋಬರ್‌ನಲ್ಲಿ ಬರೆದದ್ದರಲ್ಲೂ ಇದರ ನೆರಳಿದೆ. 2033ರ ಹೊತ್ತಿಗೆ 6 ಲಕ್ಷಕ್ಕೂ ಹೆಚ್ಚು ಜನರನ್ನು ಹೊಸದಾಗಿ ತೆಗೆದುಕೊಳ್ಳುವುದನ್ನು ರೋಬೋಟ್‌ಗಳಿಂದ ತಪ್ಪಿಸಬಹುದು ಅಂತ ಅಮೆಜಾನ್‌ನ ಒಳಗಿನ ಕಾಗದಪತ್ರಗಳಲ್ಲಿ ಇದೆ ಅಂತ ಆ ವರದಿ. ಅವು ಕಂಪನಿಯ ಪೂರ್ತಿ ಯೋಜನೆ ಅಲ್ಲ ಅಂತ ಅಮೆಜಾನ್ ಹೇಳಿತು. ಯಾರನ್ನೂ ತೆಗೆದುಹಾಕುವುದಿಲ್ಲ, ಹೊಸಬರನ್ನು ಕರೆಯುವುದಿಲ್ಲ ಅಷ್ಟೇ ಅಂದರೆ ಕೇಳಲು ಮೃದುವಾಗಿರುತ್ತದೆ. ಮುಂದಿನ ವರ್ಷ ಪಿಯುಸಿ ಮುಗಿಸಿ ಮಾಲೂರಿನ ಗೇಟಿನ ಮುಂದೆ ನಿಲ್ಲುವ ಹುಡುಗನಿಗೆ ಎರಡೂ ಒಂದೇ.

ಹೊಸ ಕೆಲಸ ಹುಟ್ಟುವುದಿಲ್ಲವೇ? ಹುಟ್ಟುತ್ತವೆ. ಯಂತ್ರ ರಿಪೇರಿ, ಬ್ಯಾಟರಿ, ಸೆನ್ಸರ್, ನೆಟ್‌ವರ್ಕ್. ಐಟಿಐ, ಡಿಪ್ಲೊಮಾ ಓದಿದವರಿಗೆ ಒಳ್ಳೆಯ ಅವಕಾಶ. ಆದರೆ ನೂರು ಜನ ಸಾರ್ಟಿಂಗ್ ಮಾಡುತ್ತಿದ್ದ ಕಡೆ ನೂರು ಟೆಕ್ನಿಷಿಯನ್‌ಗಳು ಬೇಕಾಗುವುದಿಲ್ಲ. ಹೋದ ಕೆಲಸಕ್ಕೂ ಬಂದ ಕೆಲಸಕ್ಕೂ ಬೇಕಾದ ಓದು ಬೇರೆ. ಇದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ.

ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಹತ್ತು ಸಾವಿರ ಚದರಡಿಯ ಗೋದಾಮು ಇಟ್ಟುಕೊಂಡವರಿಗೂ ಒಂದು ಮಾತು. ಯಾರೋ ಬಂದು ರೋಬೋಟ್ ತೋರಿಸಿದರೆ ಅವಸರ ಬೇಡ. ಜಾಸ್ತಿ ಓಡುವ ಮಾಲನ್ನು ಬಾಗಿಲ ಹತ್ತಿರ, ಸೊಂಟದ ಎತ್ತರಕ್ಕೆ ತಂದಿಟ್ಟರೆ ಅರ್ಧ ನಡಿಗೆ ಅದರಿಂದಲೇ ತಪ್ಪುತ್ತದೆ. ಪ್ರತಿ ಖಾನೆಗೂ ಬಾರ್‌ಕೋಡ್, ಒಂದು ಸಾಧಾರಣ ಸ್ಟಾಕ್ ತಂತ್ರಾಂಶ, ಎರಡು ಪ್ಯಾಲೆಟ್ ಗಾಡಿ, ಡಾಕ್‌ನಲ್ಲಿ ಒಂದು ಬೆಲ್ಟು. ಇಷ್ಟು ಮಾಡದೆ ಸುಮ್ನೆ ರೋಬೋಟ್ ತಂದರೆ ಅಸ್ತವ್ಯಸ್ತ ಗೋದಾಮಿನಲ್ಲಿ ಅದೂ ಅಸ್ತವ್ಯಸ್ತವಾಗಿ ಓಡಾಡುತ್ತದೆ.

ಕಾನೂನಿನ ಕಡೆ ಬಂದರೆ, ದಾರಿ ಇಲ್ಲ ಅಂತ ಹೇಳುವ ಹಾಗಿಲ್ಲ. ಮಹಾರಾಷ್ಟ್ರದಲ್ಲಿ 1969ರಲ್ಲೇ ಮಾಥಾಡಿ ಕಾಯ್ದೆ ಬಂತು. ಹಮಾಲರನ್ನು ಮಂಡಳಿಯಲ್ಲಿ ನೋಂದಾಯಿಸಿ, ಮಾಲೀಕರಿಂದ ಕೂಲಿಯ ಜೊತೆ ಲೆವಿ ವಸೂಲು ಮಾಡಿ, ಪಿಎಫ್, ಗ್ರಾಚುಟಿ, ಚಿಕಿತ್ಸೆಯ ವ್ಯವಸ್ಥೆ ಮಾಡಿದರು. ಅದರಲ್ಲಿ ಆಮೇಲೆ ಕೊಳಕೂ ಸೇರಿಕೊಂಡಿತು, ಆದರೆ ಮೂಲ ವಿಚಾರ ಗಟ್ಟಿ. ಭಾರ ಹೊರಿಸಿದವನು ಆ ಮೈಯ ಖರ್ಚನ್ನೂ ಕೊಡಬೇಕು. ಹಾಗೆ ಕೊಡಬೇಕಾಗಿ ಬಂದ ದಿನ ಮಾಲೀಕನ ಲೆಕ್ಕದಲ್ಲಿ ಕನ್ವೇಯರ್ ಅಗ್ಗವಾಗಿ ಕಾಣುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿಯಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಗೋದಾಮಿನ ಕೆಲಸಗಾರರಿಗೆ ಟಾರ್ಗೆಟ್ ಏನು ಅಂತ ಬರವಣಿಗೆಯಲ್ಲಿ ಕೊಡಬೇಕು, ಊಟದ ಬಿಡುವು ಮತ್ತು ಶೌಚಾಲಯಕ್ಕೆ ಹೋಗುವುದನ್ನು ತಡೆಯುವಂಥ ಟಾರ್ಗೆಟ್ ಇಡುವ ಹಾಗಿಲ್ಲ.

ನಮ್ಮ ರಾಜ್ಯ ಇದರ ಹತ್ತಿರಕ್ಕೆ ಆಗಲೇ ಬಂದಿದೆ. ಕರ್ನಾಟಕ 2025ರಲ್ಲಿ ಗಿಗ್ ಕೆಲಸಗಾರರಿಗಾಗಿ, ಅಂದರೆ ಆ್ಯಪ್ ಮೂಲಕ ಬಿಡಿ ಬಿಡಿ ಕೆಲಸ ಹಿಡಿದು ಮಾಡುವವರಿಗಾಗಿ, ಕಾಯ್ದೆ ಮಾಡಿತು. ಕಂಪನಿಗಳಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಕೆಲಸದಿಂದ ತೆಗೆಯುವ ಮೊದಲು 14 ದಿನದ ನೋಟಿಸ್, ಮತ್ತು ಬಹಳ ಮುಖ್ಯವಾಗಿ, ಆ್ಯಪ್ ಒಳಗಿನ ಸ್ವಯಂಚಾಲಿತ ವ್ಯವಸ್ಥೆ ಕೆಲಸಗಾರರ ಮೇಲೆ ಹೇಗೆ ಕಣ್ಣಿಡುತ್ತದೆ, ಹೇಗೆ ತೀರ್ಮಾನ ಮಾಡುತ್ತದೆ ಅಂತ ಅವರಿಗೆ ತಿಳಿಸಬೇಕು ಅನ್ನುವ ನಿಯಮ. ಬೈಕಿನಲ್ಲಿ ಪಾರ್ಸೆಲ್ ತಲುಪಿಸುವವನಿಗೆ ಈ ಹಕ್ಕು ಇದೆ. ಅದೇ ಪಾರ್ಸೆಲನ್ನು ಹೊಸಕೋಟೆಯಲ್ಲಿ ಲಾರಿಯಿಂದ ಇಳಿಸಿದವನಿಗೆ, ಸ್ಕ್ಯಾನ್ ಮಾಡಿ ಪ್ಯಾಕ್ ಮಾಡಿದವಳಿಗೆ ಇಲ್ಲ, ಯಾಕೆಂದರೆ ಅವರು ಗಿಗ್ ಅಲ್ಲ, ಕಂಟ್ರಾಕ್ಟ್. ಕಾನೂನಿನ ಮಾತು ಆಗಲೇ ಕನ್ನಡದಲ್ಲಿ ಬರೆದಾಗಿದೆ. ಕಾರ್ಮಿಕ ಇಲಾಖೆ ಅದೇ ನಿಯಮವನ್ನು ಗೋದಾಮುಗಳಿಗೂ ತರಲಿ. ಗಂಟೆಗೆ ಎಷ್ಟು ವಸ್ತು, ಎಷ್ಟು ಬಿಡುವು, ಒಬ್ಬರು ದಿನಕ್ಕೆ ಒಟ್ಟು ಎಷ್ಟು ಕೆ.ಜಿ. ಎತ್ತಬಹುದು ಅನ್ನುವುದನ್ನು ಕಂಪನಿ ಬರೆದು ಗೇಟಿನ ಹತ್ತಿರ ತೂಗುಹಾಕಲಿ. ಹೊಸ ಗೋದಾಮಿಗೆ ಸರಕಾರ ಜಾಗ, ರಿಯಾಯಿತಿ ಕೊಡುವಾಗ ಡಾಕ್‌ನಲ್ಲಿ ಭಾರ ಎತ್ತುವ ಯಂತ್ರ ಇದೆಯೇ ಅಂತ ಕೇಳಿ, ಇದ್ದರೆ ಮಾತ್ರ ಕೊಡಲಿ.